ತಾಟಿನ ಮೇಲೆ ಮೂರು ಹನಿ: ಅಣುಗಳ ಸೆಳೆತ ನೋಡುವುದು ಹೇಗೆ?

ನೀರು ಕುದಿದರೆ ಅದರ ಅಣು ಒಡೆದು ಹೈಡ್ರೋಜನ್, ಆಕ್ಸಿಜನ್ ಬೇರೆಯಾಗುತ್ತವೆ ಎಂದು ಪರೀಕ್ಷೆಯಲ್ಲಿ ಬರೆಯುವವರುಂಟು. ಹಾಗೇನಿಲ್ಲ. ಅಣು ಇಡಿಯಾಗೇ ಹಾರಿಹೋಗುತ್ತದೆ. ಬಿಡುವುದು ಪಕ್ಕದ ಅಣುವಿನ ಜೊತೆಗಿನ ಸೆಳೆತ ಮಾತ್ರ. ಇದನ್ನು ನೋಡೋಕೆ ಲ್ಯಾಬ್ ಬೇಡ, ವಿಜಯಪುರದ ಒಂದು ಬೇಸಿಗೆ ಮಧ್ಯಾಹ್ನ ಸಾಕು.

ಸ್ಟೀಲ್ ತಾಟು ಒರೆಸಿ, ಫ್ಯಾನ್ ಆರಿಸಿ. ಒಂದು ಹನಿ ನೀರು, ಒಂದು ಹನಿ ಕುಸುಬಿ ಎಣ್ಣೆ, ಒಂದು ಹನಿ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ದೂರ ದೂರ ಹಾಕಿ. ರಿಮೂವರ್‌ಗೆ ಬೇಗ ಬೆಂಕಿ ಹತ್ತುತ್ತದೆ, ಒಲೆ ಹತ್ತಿರ ಬೇಡವೇ ಬೇಡ.

ರಿಮೂವರ್ ಹನಿ ನೋಡನೋಡುತ್ತಲೇ ಮಾಯ. ಮುಟ್ಟಿದರೆ ಅಷ್ಟು ಜಾಗ ತಣ್ಣಗಿರುತ್ತದೆ. ನೀರಿನ ಹನಿ ನಿಧಾನಕ್ಕೆ ಕುಗ್ಗುತ್ತದೆ. ಅಸಿಟೋನ್ ಅಣುವಿನ ತೂಕ 58, ನೀರಿನದು 18. ಹಗುರ ಇರುವುದೇ ಮೊದಲು ಹಾರಬೇಕಿತ್ತು, ಅಲ್ವಾ? ಆದರೆ ನೀರಿನ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನನ್ನು ಸೆಳೆದುಕೊಂಡಿರುತ್ತದೆ. ಇದೇ ಹೈಡ್ರೋಜನ್ ಬಂಧ. ಅಸಿಟೋನ್ ಅಣುಗಳಿಗೆ ತಮ್ಮತಮ್ಮಲ್ಲಿ ಈ ಹಿಡಿತವಿಲ್ಲ, ಹಾಗಾಗಿ ಅದು 56 ಡಿಗ್ರಿಗೇ ಕುದಿಯುತ್ತದೆ. ಒಂದು ಮೋಲ್ (ಅಣು, ಬಂಧಗಳನ್ನು ಎಣಿಸುವ ಅಳತೆ) ಹೈಡ್ರೋಜನ್ ಬಂಧ ಬಿಡಿಸಲು ಸುಮಾರು 20 ಕಿಲೋಜೂಲ್ ಸಾಕು. ನೀರಿನ ಅಣುವಿನ ಒಳಗೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಕೂಡಿರುವ ಸಹವೇಲೆನ್ಸೀಯ ಬಂಧಕ್ಕೆ 460ರಷ್ಟು ಬೇಕು. ಚಹಾ ಕುದಿಸುವ ಉರಿಗೆ ಅದು ಒಡೆಯುವ ಮಾತೇ ಇಲ್ಲ.

ಎಣ್ಣೆ ಸಂಜೆಯಾದರೂ ಅಲ್ಲೇ ಇರುತ್ತದೆ. ಅದಕ್ಕೆ ಹೈಡ್ರೋಜನ್ ಬಂಧದ ನೆರವಿಲ್ಲ. ಅದರ ಅಣುವಿಗೆ ಮೂರು ಉದ್ದ ಬಾಲಗಳಿವೆ, ಎಲ್ಲ ಅಣುಗಳ ನಡುವೆಯೂ ಇರುವ ವಾನ್ ಡರ್ ವಾಲ್ಸ್ ಸೆಳೆತ ಚೂರುಚೂರೇ ಆದರೂ ಆ ಉದ್ದಕ್ಕೂ ಸೇರಿ ಜಾಸ್ತಿಯಾಗುತ್ತದೆ. ವಾನ್ ಡರ್ ವಾಲ್ಸ್ 1910ರ ನೊಬೆಲ್ ಪಡೆದ ಡಚ್ ವಿಜ್ಞಾನಿ.

ಈಗ ಅಣುವನ್ನೇ ಒಡೆಯೋಣ. ರಿಮೂವರ್ ಬೇರೆ ಕೋಣೆಗೆ ಹೋಗಲಿ, ಮಕ್ಕಳ ಜೊತೆ ದೊಡ್ಡವರಿರಲಿ. ಹಳೆಯ ಸ್ಟೀಲ್ ಚಮಚದಲ್ಲಿ ಚಿಟಿಕೆ ಸಕ್ಕರೆ, ಇನ್ನೊಂದರಲ್ಲಿ ಉಪ್ಪು. ಇಕ್ಕಳದಲ್ಲಿ ಹಿಡಿದು ಸಣ್ಣ ಉರಿಗೆ ಒಡ್ಡಿ. ಸಕ್ಕರೆ ಕರಗಿ, ಕೆಂಪಾಗಿ, ಕಪ್ಪಾಗುತ್ತದೆ. ಆರಿದ ಮೇಲೂ ಅದು ಮತ್ತೆ ಸಕ್ಕರೆಯಾಗದು. ಮಹಾಲಿಂಗಪುರದ ಕಡೆ ಬೆಲ್ಲದ ಗಾಣಗಳಲ್ಲಿ ಪಾಕ ಗಟ್ಟಿಯಾಗುತ್ತಿದ್ದಂತೆ ಉರಿ ತಗ್ಗಿಸುವುದು ಇದಕ್ಕೇ. ಕೊಪ್ಪರಿಗೆಯಿಂದ ನೀರಷ್ಟೇ ಹೋಗಬೇಕು, ಸಕ್ಕರೆ ಸೀಯಬಾರದು.

ಉಪ್ಪು ನಾಲ್ಕು ಸಲ ಚಟಪಟ ಸಿಡಿದು ಸುಮ್ನೆ ಕೂರುತ್ತದೆ. ಸೋಡಿಯಂ, ಕ್ಲೋರೈಡ್ ಅಯಾನುಗಳ (ವಿದ್ಯುತ್ ಆವೇಶವಿರುವ ಕಣಗಳ) ಹಿಡಿತ ಅಂಥದ್ದು, ಕರಗಲು 801 ಡಿಗ್ರಿ ಬೇಕು. ಚಮಚ ಪೂರ್ತಿ ಆರಿದ ಮೇಲೆ ನೀರು ಹಾಕಿ ನೋಡಿ. ನೀರಿನ ಅಣುಗಳು ಒಂದೊಂದೇ ಅಯಾನನ್ನು ಸುತ್ತುವರಿದು ಎಳೆದುಕೊಂಡು ಹೋಗುತ್ತವೆ, ಬೆಂಕಿಗೆ ಬಗ್ಗದ ಉಪ್ಪು ನಿಮಿಷದಲ್ಲಿ ಕರಗುತ್ತದೆ. ಸಕ್ಕರೆಯ ಕರಕಲು ಮಾತ್ರ ಜಗ್ಗುವುದಿಲ್ಲ. ಅಲ್ಲಿ ಇಂಗಾಲದ ಪರಮಾಣುಗಳು ಒಂದಕ್ಕೊಂದು ಸಹವೇಲೆನ್ಸೀಯ ಬಂಧದಲ್ಲಿ ಕೂಡಿವೆ. ಅದಕ್ಕೆ ತಂತಿ ಬ್ರಷ್ಷೇ ಗತಿ.