ಓವನ್ನಿನಿಂದ ಬಾಣಲೆಗಳನ್ನು ಹೊರಗೆ ತೆಗೆದ ಮೇಲೆ

ಮಿಷಿಗನ್ನಿನ ಈ ಮನೆಗೆ ಬಂದ ದಿನ ಅಡುಗೆಮನೆಯಲ್ಲಿ ಮೊದಲು ಮಾಡಿದ್ದು ಹಾಲು ಉಕ್ಕಿಸುವ ಕೆಲಸ. ಅಮ್ಮ ಹಾಸನದಿಂದ ಬಂದಿದ್ದರು. ಹೊಸ ಗ್ಯಾಸ್ ರೇಂಜು, ಮೇಲೆ ಐದು ಬರ್ನರ್, ಕೆಳಗೆ ಫ್ಯಾನ್ ಇರುವ ಕನ್ವೆಕ್ಷನ್ ಓವನ್. ಹಾಲು ಮೇಲೆ ಬರುವ ಹೊತ್ತಿಗೆ ನಾನು ಉರಿ ಸಣ್ಣ ಮಾಡಲು ಕೈ ಚಾಚಿದೆ. "ಬಿಡೇ, ಉಕ್ಕಲಿ. ಪೂರ್ವಕ್ಕೆ ಚೆಲ್ಲುತ್ತಾ ನೋಡು" ಅಂದರು ಅಮ್ಮ. ಹಾಲು ನಾಲ್ಕೂ ಕಡೆ ಚೆಲ್ಲಿತು. ಅಮ್ಮನಿಗೆ ತುಂಬಾ ಖುಷಿ ಆಯಿತು. ಮಾರನೇ ದಿನ ಬೆಳಗ್ಗೆ ಕಾಫಿಗೆ ನೀರಿಡಲು ಹೋದರೆ ಆ ಬರ್ನರ್ ಟಿಕ್ ಟಿಕ್ ಅನ್ನುತ್ತಲೇ ಇತ್ತು, ಹೊತ್ತಿಕೊಳ್ಳಲಿಲ್ಲ.

ಬರ್ನರನ್ನು ಬಿಚ್ಚಿ ನೋಡಿದ್ದು ಅವತ್ತೇ ಮೊದಲು. ಮೇಲೆ ಕಪ್ಪು ಮುಚ್ಚಳ, ಅದರ ಕೆಳಗೆ ಸುತ್ತಲೂ ಸಣ್ಣ ತೂತುಗಳಿರುವ ಬಳೆಯಂಥ ಭಾಗ, ಪಕ್ಕದಲ್ಲಿ ಕಿಡಿ ಹಾರಿಸುವ ಬಿಳಿ ಪಿಂಗಾಣಿ ಕಡ್ಡಿ. ತೂತುಗಳಲ್ಲಿ ಹಾಲು ಒಣಗಿ ಕಂದು ಬಣ್ಣಕ್ಕೆ ಕಟ್ಟಿಕೊಂಡಿತ್ತು. ಮುಚ್ಚಳ, ಬಳೆ ಎರಡನ್ನೂ ಸೋಪಿನ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ. ಆಮೇಲೆ ದಪ್ಪ ಸೂಜಿಯಿಂದ ಒಂದೊಂದೇ ತೂತು ಬಿಡಿಸಿದೆ. ಇದಕ್ಕೆ ಹಲ್ಲುಕಡ್ಡಿ ಮಾತ್ರ ಬೇಡ. ಮುರಿದು ಒಳಗೇ ಉಳಿದುಬಿಟ್ಟರೆ ತೆಗೆಯುವುದು ಕಷ್ಟ. ಕಿಡಿ ಕಡ್ಡಿಯನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು, ಅದರ ಮೇಲೆ ನೀರು ಹಾಕಬಾರದು. ಎಲ್ಲವೂ ಪೂರ್ತಿ ಒಣಗಿದ ಮೇಲೆ ಮುಚ್ಚಳವನ್ನು ಸರಿಯಾಗಿ ಕೂರಿಸಬೇಕು. ಚೂರು ವಾಲಿದರೂ ಉರಿ ಒಂದು ಕಡೆ ಎತ್ತರ, ಒಂದು ಕಡೆ ಹಳದಿ. ಎಲ್ಲ ಕಡೆಯೂ ಒಂದೇ ಎತ್ತರಕ್ಕೆ ನೀಲಿಯಾಗಿ ಉರಿದರೆ ಸರಿಯಾಗಿದೆ ಅಂತ.

ನಮ್ಮ ಅಡುಗೆ ಈ ಒಲೆಗಳಿಗೆ ಕೊಡುವ ಕಷ್ಟ ಬೇರೆಯೇ. ದಿನಕ್ಕೆರಡು ಸಲ ಒಗ್ಗರಣೆ, ಕುಕ್ಕರ್ ಕೂಗಿದಾಗ ಚಿಮ್ಮುವ ಬೇಳೆ ನೀರು, ಉಕ್ಕುವ ಅನ್ನದ ಗಂಜಿ. ಅದಕ್ಕೇ ರಾತ್ರಿ ಅಡುಗೆ ಮುಗಿದ ಮೇಲೆ, ಒಲೆ ಇನ್ನೂ ಬೆಚ್ಚಗಿರುವಾಗಲೇ ಮಸಿಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಒಂದು ಸಲ ಒರೆಸಿಬಿಡುತ್ತೇನೆ. ಎರಡು ನಿಮಿಷದ ಕೆಲಸ. ಬಿಟ್ಟರೆ ಒಗ್ಗರಣೆಯ ಎಣ್ಣೆ ಮಾರನೇ ದಿನದ ಕಾವಿಗೆ ಸುಟ್ಟು ಅಂಟಾಗುತ್ತದೆ. ನಾಲ್ಕು ದಿನ ಬಿಟ್ಟರೆ ಕೆರೆದು ತೆಗೆಯಬೇಕು, ಕೆರೆದರೆ ಗೀರು ಬೀಳುತ್ತದೆ.

ಇದೆಲ್ಲ ಮೇಲಿನ ಒಲೆಯ ಮಾತಾಯಿತು. ಕೆಳಗಿನ ಓವನ್ನು ಎರಡು ವರ್ಷ ನಮ್ಮನೆಯ ಪಾತ್ರೆ ಕಪಾಟಾಗಿತ್ತು. ದೊಡ್ಡ ಬಾಣಲೆ, ಇಡ್ಲಿ ಪಾತ್ರೆ, ದೋಸೆ ಕಾವಲಿ ಎಲ್ಲ ಅದರೊಳಗೆ. ಇಲ್ಲಿ ನನಗೆ ಗೊತ್ತಿರುವ ಎಷ್ಟೋ ಕನ್ನಡದವರ ಮನೆಗಳಲ್ಲಿ ಈಗಲೂ ಹಾಗೇ ಇದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅಷ್ಟು ಒಳ್ಳೆಯ ಸಾಧನವನ್ನು ಸುಮ್ನೆ ಕಪಾಟು ಮಾಡಿಕೊಂಡಿದ್ದೇವಲ್ಲ ಅಂತ ನನಗೆ ನಿಜಕ್ಕೂ ಬೇಜಾರು.

ಮಗಳು ಶಾಲೆಗೆ ಕೇಕ್ ಬೇಕು ಅಂದಾಗ ಬಾಣಲೆಗಳು ಹೊರಗೆ ಬಂದವು. ಮೊದಲ ಕೇಕು ಎಡಗಡೆ ಕಪ್ಪಾಯಿತು, ನಡುವೆ ಹಸಿಯಾಗಿಯೇ ಉಳಿಯಿತು. ತಪ್ಪು ನನ್ನ ಅಳತೆಯದ್ದು ಅಂದುಕೊಂಡು ಮೂರು ಸಲ ಮಾಡಿದೆ. ಮೂರು ಸಲವೂ ಎಡಗಡೆಯೇ ಕಪ್ಪು. ಆಗ ಅನುಮಾನ ಓವನ್ನಿನ ಮೇಲೆ ಹೋಯಿತು.

ಆಗ ಮಾಡಿದ ಎರಡು ಪರೀಕ್ಷೆಗಳನ್ನು ನೀವೂ ಮಾಡಿ ನೋಡಿ. ಒಂದು, ಓವನ್ನಿನೊಳಗೆ ಇಡುವ ಸಣ್ಣ ಥರ್ಮಾಮೀಟರ್ ತಂದು ನಡುವಿನ ರ‍್ಯಾಕಿನಲ್ಲಿಟ್ಟೆ. 350 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 177 ಸೆಲ್ಸಿಯಸ್‌ಗೆ ಇಟ್ಟು ಅರ್ಧ ಗಂಟೆ ಕಾದೆ. ಓವನ್ನಿನ ಉರಿ ಹತ್ತುತ್ತಾ ಆರುತ್ತಾ ಇರುತ್ತದೆ, ಕಾವು ಏರಿಳಿಯುತ್ತದೆ. ಅದಕ್ಕೇ ಒಂದೇ ಸಲ ನೋಡಿದರೆ ಸಾಲದು. ಹತ್ತು ಹತ್ತು ನಿಮಿಷಕ್ಕೆ ನಾಲ್ಕು ಸಲ ಬರೆದುಕೊಂಡೆ. ಸರಾಸರಿ 325 ಬಂತು. ಇಪ್ಪತ್ತೈದು ಡಿಗ್ರಿ ಕಮ್ಮಿ! ಆ ವ್ಯತ್ಯಾಸವನ್ನು ಸರಿಪಡಿಸುವ ಸೆಟ್ಟಿಂಗ್ ಓವನ್ನಿನಲ್ಲೇ ಇತ್ತು, ಓವನ್ ಜೊತೆ ಬಂದ ಪುಸ್ತಕ ನೋಡಿ ಸರಿಮಾಡಿದೆ.

ಎರಡನೆಯದು ಬ್ರೆಡ್ಡಿನ ಪರೀಕ್ಷೆ. ರ‍್ಯಾಕಿನ ಮೇಲೆ ಹನ್ನೆರಡು ಬ್ರೆಡ್ ಹೋಳುಗಳನ್ನು ಅಂಚಿನಿಂದ ಅಂಚಿಗೆ ಜೋಡಿಸಿ, ಫ್ಯಾನ್ ಇಲ್ಲದೆ ಹತ್ತು ನಿಮಿಷ ಬಿಟ್ಟೆ. ಹೊರಗೆ ತೆಗೆದಾಗ ಓವನ್ನಿನ ನಕ್ಷೆಯೇ ಕಣ್ಣ ಮುಂದೆ ಇತ್ತು. ಹಿಂದಿನ ಎಡ ಮೂಲೆಯ ಎರಡು ಹೋಳು ಕಾಫಿಪುಡಿ ಬಣ್ಣ. ನಡುವಿನವು ಹೊಂಬಣ್ಣ. ಬಾಗಿಲ ಬಳಿಯ ಬಲಗಡೆಯದು ಇನ್ನೂ ಬೆಳ್ಳಗೆ. ಹೊಸ ಹೋಳುಗಳನ್ನಿಟ್ಟು ಫ್ಯಾನ್ ಹಾಕಿ ಇನ್ನೊಂದು ಸಲ ಮಾಡಿದೆ. ಈ ಸಲ ಹತ್ತು ಹೋಳು ಹೆಚ್ಚುಕಮ್ಮಿ ಒಂದೇ ಬಣ್ಣ. ಹಿಂದಿನ ಎಡ ಮೂಲೆಯವು ಮಾತ್ರ ಆಗಲೂ ಒಂಚೂರು ಹೆಚ್ಚು ಕಂದು. ಕನ್ವೆಕ್ಷನ್ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆ ಎರಡು ತಟ್ಟೆ ಬ್ರೆಡ್ಡನ್ನು ಅಕ್ಕಪಕ್ಕ ಇಟ್ಟು ನೋಡಿದಾಗ.

ಸುಲಭವಾಗಿ ಹೇಳಬೇಕೆಂದರೆ ಹೀಗೆ. ತಣ್ಣಗಿರುವ ಹಿಟ್ಟಿನ ಸುತ್ತ ತಣ್ಣನೆ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುತ್ತದೆ. ಅದು ಕಾವನ್ನು ತಡೆಯುತ್ತದೆ. ಫ್ಯಾನಿನ ಗಾಳಿ ಆ ಪದರವನ್ನು ಸರಿಸುತ್ತಲೇ ಇರುತ್ತದೆ, ತೇವವನ್ನೂ ಎಳೆದೊಯ್ಯುತ್ತದೆ. ಹಾಗಾಗಿ ಅದೇ ಕಾವಿನಲ್ಲಿ ಬೇಗ ಬೇಯುತ್ತದೆ, ಬೇಗ ಗರಿಯಾಗುತ್ತದೆ. ಅದಕ್ಕೇ ಫ್ಯಾನ್ ಹಾಕಿದಾಗ 25 ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ ಇಡುವುದು. ಕೆಲವು ಓವನ್ನುಗಳು ಇದನ್ನು ತಾವೇ ಕಮ್ಮಿ ಮಾಡಿಕೊಳ್ಳುತ್ತವೆ. ಅದು ಗೊತ್ತಿಲ್ಲದೆ ನೀವೂ ಕಮ್ಮಿ ಮಾಡಿದರೆ ಎರಡು ಸಲ ಇಳಿದು ಬಿಸ್ಕತ್ತು ಬೆಳ್ಳಗೆ ಉಳಿಯುತ್ತದೆ. ನಿಮ್ಮದು ಯಾವ ಥರದ್ದು ಅಂತ ಪುಸ್ತಕದಲ್ಲಿ ಮೊದಲು ನೋಡಿಕೊಳ್ಳಿ.

ಗರಿಯಾಗಬೇಕಾದ್ದಕ್ಕೆಲ್ಲ ನಾನು ಫ್ಯಾನ್ ಹಾಕುತ್ತೇನೆ. ಮೆತ್ತಗೆ ಉಬ್ಬಬೇಕಾದ್ದಕ್ಕೆ ಹಾಕುವುದಿಲ್ಲ. ಸ್ಪಂಜ್ ಕೇಕಿಗೆ ಫ್ಯಾನ್ ಹಾಕಿದರೆ ಮೇಲಿನ ಪದರ ಬೇಗ ಗಟ್ಟಿಯಾಗುತ್ತದೆ, ಒಳಗಿನ ಹಿಟ್ಟು ಆಮೇಲೆ ಉಬ್ಬಿ ನಡುವೆ ಬಿರುಕು ಬಿಡುತ್ತದೆ.

ಫ್ಯಾನಿಗೆ ಹೇಳಿ ಮಾಡಿಸಿದ್ದು ಖಾರಾ ಬಿಸ್ಕತ್ತು. ನಮ್ಮ ಕಡೆ ಅಯ್ಯಂಗಾರ್ ಬೇಕರಿಯ ಮುಂದೆ ಸಂಜೆ ಹೊತ್ತು ನಿಂತವರಿಗೆ ಆ ವಾಸನೆ ಮರೆಯುವುದಿಲ್ಲ ಅಲ್ವಾ? 250 ಗ್ರಾಂ ಮೈದಾ, 100 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಒಂದು ಸಣ್ಣ ಚಮಚ ಉಪ್ಪು, ಅರ್ಧ ಸಣ್ಣ ಚಮಚ ಬೇಕಿಂಗ್ ಪೌಡರ್. ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸಣ್ಣಗೆ ಹೆಚ್ಚಿದ್ದು. ಮೂರು ಚಮಚ ಮೊಸರು ಹಾಕಿ ಕಲಸಬೇಕು, ನಾದಬಾರದು. ಕಾಲಿಂಚು ದಪ್ಪಕ್ಕೆ ಲಟ್ಟಿಸಿ, ಗುಂಡಗೆ ಕತ್ತರಿಸಿ, ಫೋರ್ಕಿನಿಂದ ಚುಚ್ಚುತ್ತೇನೆ. ಎರಡು ಟ್ರೇ ಒಟ್ಟಿಗೆ, ಫ್ಯಾನ್ ಹಾಕಿ 325 ಡಿಗ್ರಿಗೆ 18ರಿಂದ 20 ನಿಮಿಷ. ಟ್ರೇಯ ಅಂಚು ಎತ್ತರ ಇದ್ದರೆ ಗಾಳಿ ಒಳಗೆ ಇಳಿಯುವುದಿಲ್ಲ, ಹಾಗಾಗಿ ಚಪ್ಪಟೆ ಟ್ರೇ. ಟ್ರೇಗೂ ಗೋಡೆಗೂ ನಡುವೆ ಎರಡು ಇಂಚು ಜಾಗ. ಓವನ್ ಬೀಪ್ ಅಂದ ಕೂಡಲೇ ಒಳಗಿಡುವುದಿಲ್ಲ, ಇನ್ನೂ ಹತ್ತು ನಿಮಿಷ ಕಾಯುತ್ತೇನೆ. ಬೀಪ್ ಬಂದಾಗ ಗಾಳಿ ಕಾದಿರುತ್ತದೆ, ಗೋಡೆಗಳು ಕಾದಿರುವುದಿಲ್ಲ.

ಚಟ್ನಿಪುಡಿಗೆ ಕಡಲೆಕಾಯಿ ಬೀಜ ಹುರಿಯುವುದೂ ಈಗ ಓವನ್ನಿನಲ್ಲೇ. ಬಾಣಲೆ ಮುಂದೆ ನಿಂತು ಕೈಯಾಡಿಸುವ ಕೆಲಸವಿಲ್ಲ, ನಡುವೆ ಒಂದೇ ಒಂದು ಸಲ ಕೆದಕಿದರೆ ಸಾಕು. ಬೇಕಾದ ಬಣ್ಣ ಬರುವುದಕ್ಕೆ ಸ್ವಲ್ಪ ಮುಂಚೆಯೇ ಹೊರಗೆ ತೆಗೆಯಿರಿ, ಟ್ರೇಯ ಕಾವಿಗೆ ಇನ್ನೂ ಹುರಿಯುತ್ತಿರುತ್ತದೆ.

ಜನವರಿಯ ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರುವುದೂ ಇದೇ ಓವನ್ನಿನಲ್ಲಿ. ಉರಿ ಹಚ್ಚುವುದಿಲ್ಲ, ಒಳಗಿನ ದೀಪ ಮಾತ್ರ ಹಾಕಿಡುತ್ತೇನೆ. ಹಳೇ ಥರದ ಬಲ್ಬಿನ ಬಿಸಿ ಸಾಕು, ರಾತ್ರಿ ಇಟ್ಟರೆ ಬೆಳಗ್ಗೆ ಹಿಟ್ಟು ಉಬ್ಬಿ ಬಂದಿರುತ್ತದೆ. ಎಲ್‌ಇಡಿ ದೀಪವಾದರೆ ಅಷ್ಟು ಬಿಸಿ ಬರುವುದಿಲ್ಲ. ಒಂದು ದಿನ ನಮ್ಮೆಜಮಾನರು ಪಿಜ್ಜಾ ಮಾಡಲು ಹಿಟ್ಟು ಒಳಗಿರುವುದು ಗೊತ್ತಿಲ್ಲದೆ ಓವನ್ ಹಚ್ಚಿದರು. ಪ್ಲಾಸ್ಟಿಕ್ ಮುಚ್ಚಳ ಕರಗಿ ರ‍್ಯಾಕಿಗೆ ಸುತ್ತಿಕೊಂಡಿತು, ಮನೆಯೆಲ್ಲ ಹೊಗೆ. ಅವತ್ತಿನಿಂದ ಹಿಟ್ಟು ಸ್ಟೀಲ್ ಪಾತ್ರೆಯಲ್ಲಿ, ಸ್ಟೀಲ್ ತಟ್ಟೆ ಮುಚ್ಚಿ. ಓವನ್ ಬಟನ್ನಿನ ಮೇಲೆ "ಹಿಟ್ಟಿದೆ" ಅಂತ ಚೀಟಿ. ಹಿಟ್ಟು ಹೊರಗೆ ಬರುವವರೆಗೂ ಆ ಚೀಟಿಯನ್ನು ಯಾರೂ ತೆಗೆಯುವ ಹಾಗಿಲ್ಲ.

ಓವನ್ ತೊಳೆಯುವ ವಿಷಯದಲ್ಲಿ ನನಗೆ ಸರಿಯಾದ ಪೆಟ್ಟೇ ಬಿದ್ದಿದೆ. ಸೆಲ್ಫ್ ಕ್ಲೀನ್ ಅನ್ನುವ ಬಟನ್ ಇದೆ. ಅದನ್ನು ಒತ್ತಿದರೆ ಬಾಗಿಲು ತಾನೇ ಬೀಗ ಹಾಕಿಕೊಂಡು, ಒಳಗೆ ಸುಮಾರು 880 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 470 ಸೆಲ್ಸಿಯಸ್‌ವರೆಗೆ ಕಾದು, ಜಿಡ್ಡೆಲ್ಲ ಸುಟ್ಟು ಬೂದಿಯಾಗುತ್ತದೆ. ದೀಪಾವಳಿಗೆ ಎರಡು ದಿನ ಇರುವಾಗ ಒತ್ತಿದೆ. ಮೂರು ಗಂಟೆ ಕಾದಿತು, ಆಮೇಲೆ ಓವನ್ ಏನು ಮಾಡಿದರೂ ಹತ್ತಲೇ ಇಲ್ಲ. ಕಾವು ಮಿತಿ ಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಹೋಗಿತ್ತು. ರಿಪೇರಿಯವರು ಬರಲು ಒಂಬತ್ತು ದಿನ. ಹಬ್ಬಕ್ಕೆ ಬರುವ ಹದಿನಾಲ್ಕು ಜನಕ್ಕೆ ಮಾಡಬೇಕೆಂದಿದ್ದ ಬಿಸ್ಕತ್ತು, ಕೇಕು ಎಲ್ಲ ಬಿಟ್ಟು, ಮೇಲಿನ ಒಲೆಯಲ್ಲಿ ಕೋಡುಬಳೆ ಕರಿದೆ. ರ‍್ಯಾಕುಗಳನ್ನು ಒಳಗೇ ಬಿಟ್ಟಿದ್ದರಿಂದ ಅವುಗಳ ಹೊಳಪೂ ಹೋಯಿತು, ಎಳೆದರೆ ಕಿರ‍್ರ್ ಅಂತ ಹಿಡಿಯುತ್ತಿದ್ದವು. ಅಂಚಿಗೆ ಅಡುಗೆ ಎಣ್ಣೆ ಸವರಿದ ಮೇಲೆ ಸರಾಗವಾದವು. ನೀವು ಆ ಬಟನ್ ಒತ್ತುವುದಾದರೆ ರ‍್ಯಾಕು ಹೊರಗೆ ತೆಗೆದು, ಕಿಟಕಿ ತೆರೆದು, ಹಬ್ಬ ಮುಗಿದ ಮೇಲೆ ಒತ್ತಿ. ಮನೆಯಲ್ಲಿ ಗಿಳಿ, ಲವ್ ಬರ್ಡ್ಸ್ ಇದ್ದರೆ ಆ ಹೊಗೆ ಅವುಗಳ ಜೀವಕ್ಕೇ ಅಪಾಯ, ಮೊದಲು ಅವನ್ನು ಬೇರೆ ಮನೆಗೆ ಬಿಟ್ಟು ಬನ್ನಿ.

ನಾನಂತೂ ಆ ಬಟನ್ ಬಿಟ್ಟೆ. ಎರಡು ತಿಂಗಳಿಗೊಮ್ಮೆ ಅಡುಗೆ ಸೋಡಾಕ್ಕೆ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ತಣ್ಣಗಿರುವ ಓವನ್ನಿನ ಗೋಡೆಗೂ ತಳಕ್ಕೂ ಬಳಿದು ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಕಂದು ಬಣ್ಣಕ್ಕೆ ಬಿಟ್ಟುಕೊಂಡು ಬರುತ್ತದೆ. ಗ್ಯಾಸ್ ಬರುವ ತೂತುಗಳಿಗೆ, ಫ್ಯಾನಿಗೆ, ಬಾಗಿಲ ಸುತ್ತಲಿನ ಮೆತ್ತನೆ ಪಟ್ಟಿಗೆ ಸೋಡಾ ತಾಗಿಸಬಾರದು. ಆ ಪಟ್ಟಿಯನ್ನು ಉಜ್ಜಲೂ ಬಾರದು, ಹರಿದರೆ ಕಾವು ಸೋರುತ್ತದೆ. ಇನ್ನೊಂದು ಮಾತು. ಕೊಳೆಯಾಗದಿರಲಿ ಅಂತ ತಳಕ್ಕೆ ಅಲ್ಯುಮಿನಿಯಂ ಫಾಯಿಲ್ ಹಾಸಬೇಡಿ. ಗಾಳಿ ಆಡುವ ದಾರಿ ಮುಚ್ಚುತ್ತದೆ. ಅಲ್ಲದೆ ಫಾಯಿಲ್ ಕರಗಿ ತಳಕ್ಕೆ ಅಂಟಿದರೆ ಮತ್ತೆ ಬಿಡುವುದಿಲ್ಲ.

ಹೋದ ವರ್ಷ ಇನ್ನೊಂದು ತೊಂದರೆ ಬಂತು. 350 ಡಿಗ್ರಿ ತಲುಪಲು ಮೊದಲು ಹದಿನಾಲ್ಕು ನಿಮಿಷ ಸಾಕಿತ್ತು, ಅದು ಮೂವತ್ತು ದಾಟಿತು. ಹಚ್ಚಿದಾಗ ಸ್ವಲ್ಪ ಗ್ಯಾಸ್ ವಾಸನೆಯೂ ಬಂತು. ಕೂಡಲೇ ಆರಿಸಿ, ಕಿಟಕಿ ತೆರೆದು, ಓವನ್ ಬಳಸುವುದನ್ನೇ ನಿಲ್ಲಿಸಿ ರಿಪೇರಿಯವರನ್ನು ಕರೆದೆ. ನಮ್ಮ ಓವನ್ನಿನಲ್ಲಿ ಕಿಡಿ ಹಾರುವುದಿಲ್ಲ, ಕೆಂಪಗೆ ಕಾಯುವ ಇಗ್ನೈಟರ್ ಕಡ್ಡಿ ಇರುತ್ತದೆ. ಅದರ ಮೂಲಕ ಬೇಕಾದಷ್ಟು ಕರೆಂಟ್ ಹರಿದರೆ ಮಾತ್ರ ಗ್ಯಾಸಿನ ವಾಲ್ವ್ ತೆರೆಯುತ್ತದೆ. ಕಡ್ಡಿ ಹಳೆಯದಾದರೆ ಕೆಂಪಗೆ ಕಂಡರೂ ವಾಲ್ವ್ ತೆರೆಯಲು ತಡ ಮಾಡುತ್ತದೆ. ಅದನ್ನು ಬದಲಿಸಿದ ಮೇಲೆ ಮತ್ತೆ ಹದಿನಾಲ್ಕು ನಿಮಿಷಕ್ಕೇ ಬಂತು. ಆ ದಿನದ ತಾರೀಖು, 350 ಡಿಗ್ರಿ, 14 ನಿಮಿಷ ಅಂತ ಮಸಾಲೆ ಕಪಾಟಿನ ಬಾಗಿಲ ಒಳಗಡೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಪ್ರತಿ ಯುಗಾದಿಗೆ ಒಂದು ಸಲ ಗಡಿಯಾರ ನೋಡಿಕೊಂಡು ಓವನ್ ಹಚ್ಚುತ್ತೇನೆ. ಈ ವರ್ಷ ಹದಿನೈದು ಬಂತು.