ಹಿಂದಿನ ಡ್ರಮ್ ಬ್ರೇಕ್ ಹಿಡಿಯುತ್ತಿಲ್ಲವೇ? ನಟ್ ಬಿಗಿಯುವ ಮೊದಲು ಇಷ್ಟು ನೋಡಿ

ಸ್ಪ್ಲೆಂಡರ್‌ನಂಥ ಬೈಕ್‌ಗಳಲ್ಲಿ ಹಿಂದಿನ ಬ್ರೇಕ್ ಸಡಿಲವಾದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ರಾಡ್ ತುದಿಯ ನಟ್ ಎರಡು ಸುತ್ತು ಬಿಗಿಯುವುದು. ಪೆಡಲ್ ಗಟ್ಟಿಯಾಗುತ್ತದೆ, ಬ್ರೇಕ್ ಸರಿಹೋಯಿತು ಅನಿಸುತ್ತದೆ. ಆ ನಟ್ಟಿನಿಂದ ಸರಿಯಾಗುವುದು ಪೆಡಲ್‌ನ ಪ್ಲೇ (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ಅಂತರ) ಮಾತ್ರ. ಒಳಗೆ ಶೂ (ಡ್ರಮ್‌ಗೆ ಒತ್ತಿ ಚಕ್ರ ನಿಲ್ಲಿಸುವ ಬಿಲ್ಲಿನಾಕಾರದ ತುಂಡು) ಸವೆದಿದ್ದರೆ, ಎಣ್ಣೆ ಕುಡಿದಿದ್ದರೆ ಅದು ಹಾಗೆಯೇ ಇರುತ್ತದೆ.

ಒಣಗಿದ, ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ನೇರವಾಗಿ ಹೋಗುತ್ತಾ ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ. ಚಕ್ರ ನಿಂತು ಟೈರ್ ಉಜ್ಜಿದರೆ ಬ್ರೇಕಿನಲ್ಲಿ ಶಕ್ತಿಯಿದೆ ಎಂದರ್ಥ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹಿಂದಿನದೊಂದರಲ್ಲೇ ಬೈಕ್ ಬೇಗ ನಿಲ್ಲುವುದಿಲ್ಲ, ಅದು ದೋಷವಲ್ಲ. 2019ರ ಏಪ್ರಿಲ್‌ನಿಂದ ಬಂದ ಸಣ್ಣ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿದ ವ್ಯವಸ್ಥೆ) ಇರುತ್ತದೆ. ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಅಂಥ ಬೈಕಾದರೆ ಮುಂದಕ್ಕೆ ಹೋಗುವ ಕೇಬಲ್ಲನ್ನೂ ನೋಡಿ.

ಈಗ ಯಾರನ್ನಾದರೂ ಪೆಡಲ್ ಒತ್ತಿ ಹಿಡಿಯಲು ಹೇಳಿ, ಚಕ್ರದ ಪಕ್ಕ ಕುಳಿತು ಬ್ರೇಕ್ ಆರ್ಮ್ (ರಾಡ್ ತುದಿ ಸೇರುವ ಸಣ್ಣ ಕೈ) ನೋಡಿ. ಪೂರ್ತಿ ಒತ್ತಿದಾಗ ರಾಡ್‌ಗೂ ಆರ್ಮ್‌ಗೂ ನಡುವಿನ ಕೋನ ಹೆಚ್ಚುಕಡಿಮೆ 90 ಡಿಗ್ರಿ ಇರಬೇಕು. ಆರ್ಮ್ ಅದನ್ನು ದಾಟಿ ಮುಂದಕ್ಕೆ ವಾಲಿದ್ದರೆ ಎಷ್ಟು ಒತ್ತಿದರೂ ಬಲ ಕ್ಯಾಮ್‌ಗೆ (ತಿರುಗಿ ಶೂಗಳನ್ನು ಡ್ರಮ್‌ಗೆ ಒತ್ತುವ ದಂಡಕ್ಕೆ) ಪೂರ್ತಿ ತಲುಪುವುದಿಲ್ಲ. ಆರ್ಮ್ ಬುಡದ ಬಾಣದ ಗುರುತು ಪ್ಯಾನೆಲ್ (ಶೂಗಳನ್ನು ಹೊತ್ತ, ಡ್ರಮ್ ಮುಚ್ಚುವ ತಟ್ಟೆ) ಮೇಲಿನ ಗುರುತಿಗೆ ಬಂದು ನಿಂತಿದ್ದರೆ ಶೂಗಳ ಆಯಸ್ಸು ಮುಗಿದಿದೆ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. ಶೂ ಬದಲಿಸುವ ಬದಲು ಆರ್ಮ್ ಬಿಚ್ಚಿ ಕ್ಯಾಮ್ ದಂಡದ ಹಲ್ಲುಗಳ ಮೇಲೆ ಒಂದು ಹಲ್ಲು ಹಿಂದಕ್ಕೆ ಕೂರಿಸುತ್ತಾರೆ. ಕೋನ ಸರಿಕಾಣುತ್ತದೆ, ಆದರೆ ಸವೆತ ಮುಚ್ಚಿಹೋಗುತ್ತದೆ. ಕ್ಯಾಮ್ ಅಳತೆ ಮೀರಿ ತಿರುಗಿದರೆ ಶೂ ವಾಪಸ್ ಬರದೆ ಚಕ್ರ ಓಡುವಾಗಲೇ ಜಾಮ್ ಆಗಬಹುದು. ದಯವಿಟ್ಟು ಇದನ್ನು ಮಾಡಿಸಬೇಡಿ. ಕ್ಯಾಮ್ ತುದಿಯ ಪಂಚ್ ಗುರುತು, ಆರ್ಮ್ ಮೇಲಿನ ಗುರುತು ಎದುರುಬದುರಾಗಿಯೇ ಇರಬೇಕು.

ಚಕ್ರ ಬಿಚ್ಚಿ ಪ್ಯಾನೆಲ್ ಹೊರತೆಗೆದ ಮೇಲೆ ಒಳಗಿನ ಧೂಳನ್ನು ಬಾಯಿಂದಲೋ ಕಂಪ್ರೆಸರ್‌ನಿಂದಲೋ ಊದಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಲೈನಿಂಗ್ (ಶೂ ಮೇಲೆ ಅಂಟಿಸಿದ, ಡ್ರಮ್‌ಗೆ ಉಜ್ಜುವ ಪದರ) 2 ಮಿ.ಮೀ.ಗೆ ಇಳಿದಿದ್ದರೆ ಎರಡೂ ಶೂ ಒಟ್ಟಿಗೆ ಬದಲಿಸಿ, ಸ್ಪ್ರಿಂಗುಗಳನ್ನೂ ಹೊಸದು ಹಾಕಿ. ದಪ್ಪವಿದ್ದೂ ಮೇಲ್ಮೈ ಕಪ್ಪಗೆ ಹೊಳೆಯುತ್ತಿದ್ದರೆ ಬಿಸಿಗೆ ಗಟ್ಟಿಕಟ್ಟಿದೆ ಎಂದರ್ಥ. 80 ನಂಬರ್ ಎಮರಿ ಪೇಪರ್‌ನಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಡ್ರಮ್ ಒಳಮೈಯನ್ನೂ ಹಾಗೆಯೇ. ಎಣ್ಣೆ ಕುಡಿದ ಶೂ ಪೆಟ್ರೋಲಿನಲ್ಲಿ ತೊಳೆದರೂ ಉಪಯೋಗವಿಲ್ಲ, ಬಿಸಿಯಾದಾಗ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಸ ಶೂ ಹಾಕುವ ಮೊದಲು ಎಣ್ಣೆ ಎಲ್ಲಿಂದ ಬಂತು ಹುಡುಕಿ: ಅತಿಯಾದ ಚೈನ್ ಲೂಬ್, ಇಲ್ಲವೇ ಕ್ಯಾಮ್ ಅಥವಾ ಬೇರಿಂಗ್‌ಗೆ ತುಂಬಿದ ಹೆಚ್ಚಿನ ಗ್ರೀಸ್.

ಡ್ರಮ್ ಒಳವ್ಯಾಸದ ಮಿತಿ ಡ್ರಮ್ ಮೇಲೇ ಅಚ್ಚಾಗಿರುತ್ತದೆ. ವರ್ನಿಯರ್‌ನಿಂದ ಎರಡು ಮೂರು ಕಡೆ ಅಳೆಯಿರಿ. ಮೀರಿದ್ದರೆ ಹೊಸ ಶೂ ಹಾಕಿದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಮಲೆನಾಡಿನ ಮಳೆ, ಕೆಸರಿನಲ್ಲಿ ಓಡುವ ಬೈಕ್‌ಗಳಲ್ಲಿ ಕ್ಯಾಮ್ ತುಕ್ಕುಹಿಡಿದು ಬಿಗಿಯಾಗುವುದು ಮಾಮೂಲು. ಹೊರತೆಗೆದು ತುಕ್ಕು ಉಜ್ಜಿ, ಕ್ಯಾಮ್‌ಗೂ ಶೂಗಳ ಇನ್ನೊಂದು ತುದಿ ಕೂರುವ ಎದುರಿನ ಪಿನ್ನಿಗೂ ಬಿಸಿ ತಾಳುವ ಗ್ರೀಸನ್ನು ತೆಳ್ಳಗೆ ಸವರಿ.

ಜೋಡಿಸುವಾಗ ರಾಡ್ ಸಿಕ್ಕಿಸಿ, ಪೆಡಲ್ ಗಟ್ಟಿಯಾಗಿ ಒತ್ತಿಹಿಡಿದೇ ಆಕ್ಸಲ್ ನಟ್ ಬಿಗಿಯಿರಿ. ಶೂಗಳು ಡ್ರಮ್ ಮಧ್ಯಕ್ಕೆ ಕೂರುತ್ತವೆ. ಪ್ಯಾನೆಲ್ ಹಿಡಿದಿಡುವ ಟಾರ್ಕ್ ರಾಡಿನ ನಟ್, ಸ್ಪ್ಲಿಟ್ ಪಿನ್ ಮರೆಯಬೇಡಿ. ಅದು ಬಿಚ್ಚಿದರೆ ಬ್ರೇಕ್ ಹಾಕಿದಾಗ ಇಡೀ ಪ್ಯಾನೆಲ್ ಚಕ್ರದ ಜೊತೆ ತಿರುಗುತ್ತದೆ.

ಪೆಡಲ್ ತುದಿಯಲ್ಲಿ 20ರಿಂದ 30 ಮಿ.ಮೀ. ಪ್ಲೇ ಬಿಡಿ. ಅಡ್ಜಸ್ಟರ್ ನಟ್‌ನ ಗುಳಿ ಆರ್ಮ್ ಪಿನ್ನಿನ ಮೇಲೆ ಸರಿಯಾಗಿ ಕೂತಿರಲಿ, ಅಡ್ಡ ನಿಂತಿದ್ದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಅದೇ ಜಾರಿ ಪ್ಲೇ ಹೆಚ್ಚುತ್ತದೆ. ಚಕ್ರ ಕೈಯಲ್ಲಿ ತಿರುಗಿಸಿದಾಗ ಉಜ್ಜುವ ಸದ್ದು ಬರಬಾರದು. ಚೈನ್ ಬಿಗಿಸಿದಾಗಲೆಲ್ಲ ಪ್ಲೇ ಮತ್ತೆ ನೋಡಿ: ಚಕ್ರ ಹಿಂದೆ ಸರಿದರೆ ರಾಡ್ ಎಳೆದುಕೊಂಡು ಶೂ ಸದಾ ತಾಗುತ್ತಿರುತ್ತದೆ, ಹೊಳಪು ಕಟ್ಟುವುದು ಶುರುವಾಗುವುದೇ ಹೀಗೆ. ಕೊನೆಗೆ ಪೆಡಲ್ ಒತ್ತಿ ಬ್ರೇಕ್ ಲೈಟ್ ಹೊತ್ತುತ್ತದೆಯೇ ನೋಡಿ. ಹೊಸ ಶೂ ಹಾಕಿದ್ದರೆ ಮೊದಲ 100–200 ಕಿ.ಮೀ. ಬ್ರೇಕ್ ಮೆತ್ತಗೇ ಇರುತ್ತದೆ, ಮುಂದಿನ ವಾಹನದಿಂದ ಅಂತರ ಹೆಚ್ಚಿಡಿ.