ವಿಧಾನಸಭೆಯಲ್ಲಿ ಗ್ರಾಹಕರ ಪರ ಗಟ್ಟಿ ಚರ್ಚೆ ಆಗಬೇಕಾ? ನಿಮ್ಮ ಶಾಸಕರಿಗೆ ಈ ಎರಡು ಪುಟ ಕೊಡಿ

ಗ್ರಾಹಕರಿಗೆ ದೊಡ್ಡ ಮೋಸ ಆಯಿತು ಅನ್ನುವ ಸುದ್ದಿ ಬಂದಾಗೆಲ್ಲ ವಿಧಾನಸಭೆಯಲ್ಲಿ ನಡೆಯುವುದು ಒಂದೇ. ಶಾಸಕರೊಬ್ಬರು ಎದ್ದು "ಕಠಿಣ ಕಾನೂನು ತನ್ನಿ" ಅನ್ನುತ್ತಾರೆ, ಸಚಿವರು "ಗಂಭೀರವಾಗಿ ಪರಿಗಣಿಸುತ್ತೇವೆ" ಅನ್ನುತ್ತಾರೆ, ಸದನ ಮುಂದಿನ ವಿಷಯಕ್ಕೆ ಹೋಗುತ್ತದೆ. ಇದಕ್ಕೆ ಶಾಸಕರನ್ನು ಮಾತ್ರ ಬೈದರೆ ಪ್ರಯೋಜನ ಇಲ್ಲ. ಅಧಿವೇಶನದ ಹೊತ್ತಿಗೆ ಅವರ ಮೇಜಿನ ಮೇಲೆ ಹತ್ತಾರು ವಿಷಯ ಬಿದ್ದಿರುತ್ತವೆ, ಎಲ್ಲವನ್ನೂ ಓದಿಕೊಂಡು ಬರಲು ಆಗುವುದಿಲ್ಲ. ಗ್ರಾಹಕ ಸಂಘಟನೆಯವರು, ವಕೀಲರು, ಕಾನೂನು ವಿದ್ಯಾರ್ಥಿಗಳು, ಮೋಸ ಹೋಗಿ ಗ್ರಾಹಕರ ದೂರು ವಿಚಾರಿಸುವ ಆಯೋಗಕ್ಕೆ ಅಲೆದವರು ಸೇರಿ ಎರಡು ಪುಟದ ಸರಿಯಾದ ಟಿಪ್ಪಣಿ ಕೊಟ್ಟರೆ ಚರ್ಚೆಯ ಮಟ್ಟವೇ ಬೇರೆಯಾಗುತ್ತದೆ. ಅದನ್ನು ಬರೆಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಶುರುವಿನಲ್ಲೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ: ರಾಜ್ಯದ ಕೈಯಲ್ಲಿ ಏನಿದೆ? ಈಗಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಸಂಸತ್ತು ಮಾಡಿದ್ದು, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಅದನ್ನು ನಮ್ಮ ವಿಧಾನಸಭೆ ಸುಮ್ನೆ ತನಗೆ ಬೇಕಾದ ಹಾಗೆ ಬದಲಿಸಲು ಬರುವುದಿಲ್ಲ. ಆದರೆ ಕರಾರು, ಬೆಲೆ ನಿಯಂತ್ರಣ, ಆಹಾರ ಕಲಬೆರಕೆ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ಇವುಗಳ ಮೇಲೆ ರಾಜ್ಯವೂ ಕಾನೂನು ಮಾಡಬಹುದು. ಅದು ಕೇಂದ್ರದ ಕಾನೂನಿಗೆ ವಿರುದ್ಧವಾದರೆ ಕೇಂದ್ರದ್ದೇ ನಿಲ್ಲುತ್ತದೆ, ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದರೆ ಮಾತ್ರ ರಾಜ್ಯದ್ದು ಉಳಿಯುತ್ತದೆ; ಇದು ಸಂವಿಧಾನದ 254ನೇ ವಿಧಿ. ಲೇವಾದೇವಿ, ಆಸ್ಪತ್ರೆ ಇಂಥವು ರಾಜ್ಯ ಪಟ್ಟಿಯಲ್ಲೇ ಇವೆ, ಅಲ್ಲಿ ಕೈ ಇನ್ನೂ ಬಿಡುವಾಗಿದೆ. ಟಿಪ್ಪಣಿಯಲ್ಲಿ ಇದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಇಲ್ಲದಿದ್ದರೆ "ಇದು ಕೇಂದ್ರದ ವಿಷಯ" ಅನ್ನುವ ಒಂದೇ ಮಾತಿನಲ್ಲಿ ನಿಮ್ಮ ಶಾಸಕರನ್ನು ಕೂರಿಸಿಬಿಡುತ್ತಾರೆ.

ಇನ್ನೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಕೇಂದ್ರದ ಕಾಯ್ದೆಯೇ ರಾಜ್ಯ ಸರ್ಕಾರದ ಮೇಲೆ ದೊಡ್ಡ ಹೊಣೆ ಹಾಕಿದೆ. ಜಿಲ್ಲಾ ಆಯೋಗ, ರಾಜ್ಯ ಆಯೋಗ ಸ್ಥಾಪಿಸಬೇಕಾದದ್ದು, ಅಧ್ಯಕ್ಷರು ಮತ್ತು ಸದಸ್ಯರನ್ನು ನೇಮಿಸಬೇಕಾದದ್ದು, ಸಿಬ್ಬಂದಿ ಕೊಡಬೇಕಾದದ್ದು ರಾಜ್ಯವೇ. ಆಯೋಗಗಳಲ್ಲಿ ಹುದ್ದೆ ಖಾಲಿ ಬಿದ್ದಿರುವ ಸಮಸ್ಯೆಯನ್ನು ಸುಪ್ರೀಂ ಕೋರ್ಟ್ 2021ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತ್ತು. ಎಷ್ಟೋ ಕಡೆ ಗ್ರಾಹಕನಿಗೆ ಕಾನೂನು ಇದೆ, ಕೇಳುವ ಪೀಠ ಇಲ್ಲ. ಅಂಥ ಕಡೆ ಹೊಸ ಕಾನೂನು ಬೇಕು ಅಂತ ಗಂಟೆಗಟ್ಟಲೆ ಮಾತಾಡುವುದಕ್ಕಿಂತ ಇರುವ ಪೀಠಕ್ಕೆ ಜನ ಹಾಕಿ ಅಂತ ಕೇಳುವುದು ದೊಡ್ಡ ಕೆಲಸ.

ಹಾಗಾಗಿ ಮೊದಲ ಅಸ್ತ್ರ ಪ್ರಶ್ನೋತ್ತರ ವೇಳೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸಬೇಕು, ಶಾಸಕರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಅಂಕಿಅಂಶ ಬೇಕಾದರೆ ಇದೇ ಒಳ್ಳೆಯದು. "ಗ್ರಾಹಕರ ರಕ್ಷಣೆಗೆ ಸರ್ಕಾರ ಕೈಗೊಂಡ ಕ್ರಮಗಳೇನು?" ಅಂತ ಕೇಳಿದರೆ ಇಲಾಖೆ ಎರಡು ಪುಟ ಹೊಗಳಿಕೆ ಬರೆದು ಕಳಿಸುತ್ತದೆ. ಅದರ ಬದಲು ಹೀಗೆ ಬರೆದುಕೊಡಿ:

"ರಾಜ್ಯದ ಪ್ರತಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಮಂಜೂರಾದ ಅಧ್ಯಕ್ಷ ಮತ್ತು ಸದಸ್ಯ ಹುದ್ದೆಗಳೆಷ್ಟು, ಖಾಲಿ ಇರುವುದೆಷ್ಟು, ಯಾವ ದಿನಾಂಕದಿಂದ? ಎರಡು ವರ್ಷಕ್ಕಿಂತ ಹೆಚ್ಚು ಕಾಲದಿಂದ ಬಾಕಿ ಇರುವ ದೂರುಗಳೆಷ್ಟು? ರಾಜ್ಯ ಗ್ರಾಹಕ ಸಂರಕ್ಷಣಾ ಪರಿಷತ್ತು ಕಳೆದ ಮೂರು ವರ್ಷಗಳಲ್ಲಿ ಯಾವ ಯಾವ ದಿನಾಂಕದಂದು ಸಭೆ ಸೇರಿದೆ?"

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸರ್ಕಾರಕ್ಕೆ ಸಲಹೆ ಕೊಡುವ ಈ ಪರಿಷತ್ತು ವರ್ಷಕ್ಕೆ ಕಡಿಮೆ ಅಂದರೂ ಎರಡು ಸಭೆ ನಡೆಸಬೇಕು ಅಂತ ಕಾಯ್ದೆಯಲ್ಲೇ ಇದೆ, ಅದರ ಅಧ್ಯಕ್ಷರು ಗ್ರಾಹಕ ವ್ಯವಹಾರಗಳ ಸಚಿವರೇ. ಉತ್ತರ ಕೊಡುವವರೂ ಅವರೇ ಅಲ್ವಾ!

ಪ್ರಶ್ನೆಗೆ ಸಿಗುವ ನಿಮಿಷ ಸಾಲದು ಅನ್ನಿಸಿದರೆ ಗಮನ ಸೆಳೆಯುವ ಸೂಚನೆ ಇದೆ, ತುರ್ತು ಸಾರ್ವಜನಿಕ ವಿಷಯ ಅಂತ ವಿಧಾನಸಭೆಯ ನಡಾವಳಿ ನಿಯಮ 69ರಡಿ ಚರ್ಚೆ ಕೇಳಬಹುದು. ಕೇಂದ್ರದ ಕಾಯ್ದೆಯೇ ಬದಲಾಗಬೇಕು ಅನ್ನುವ ವಿಷಯ ಇದ್ದರೆ ಸದನ ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಬಹುದು. ಇದಕ್ಕೆ ಒಂದು ಒಳ್ಳೆಯ ವಿಷಯ ಹೇಳುತ್ತೇನೆ: 2019ರ ಕಾಯ್ದೆ "ಅನ್ಯಾಯದ ಕರಾರು", ಅಂದರೆ ಗ್ರಾಹಕರಿಗೆ ಅನ್ಯಾಯ ಮಾಡುವ ಏಕಪಕ್ಷೀಯ ಷರತ್ತುಗಳ ಒಪ್ಪಂದ, ರದ್ದು ಮಾಡುವ ಅಧಿಕಾರ ತಂದಿತು, ಬಹಳ ಒಳ್ಳೆಯ ಹೆಜ್ಜೆ. ಆದರೆ ಆ ದೂರನ್ನು ಜಿಲ್ಲಾ ಆಯೋಗದಲ್ಲಿ ಕೊಡಲು ಆಗುವುದಿಲ್ಲ, ರಾಜ್ಯ ಅಥವಾ ರಾಷ್ಟ್ರೀಯ ಆಯೋಗಕ್ಕೇ ಹೋಗಬೇಕು. ಸಾಮಾನ್ಯ ಜನ ಅಷ್ಟು ದೂರ ಹೋಗಿ ಹೋರಾಡುವುದು ಹೇಗೆ? ಇದನ್ನು ಸದನ ಕೇಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಸರ್ಕಾರವೇ ವಿಧೇಯಕ ತಂದಾಗ. ಮಂಡನೆ, ಪರ್ಯಾಲೋಚನೆ, ಆಮೇಲೆ ಖಂಡ ಖಂಡವಾಗಿ (ಅಂದರೆ ಒಂದೊಂದು ಕಲಮಿನ ಮೇಲೂ) ಮತ, ಕೊನೆಗೆ ಅಂಗೀಕಾರ. ಭಾಷಣ ನಡೆಯುವುದು ಪರ್ಯಾಲೋಚನೆಯಲ್ಲಿ, ಕಾನೂನು ತಿದ್ದಲು ಆಗುವುದು ಖಂಡಗಳ ಹಂತದಲ್ಲಿ. ಗದ್ದಲದ ನಡುವೆ ಈ ಎರಡನೆಯದು ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಹಾಗಾಗಿ ತಿದ್ದುಪಡಿ ಮುಂಚೆಯೇ ಬರೆದು ಸೂಚನೆ ಕೊಟ್ಟಿರಬೇಕು. ವಿಧೇಯಕ ಓದುವಾಗ ದಂಡ, ಜೈಲು ಇರುವ ಖಂಡಕ್ಕೆ ನೇರ ಹಾರಬೇಡಿ. ಯಾವ ಅಧಿಕಾರಿ, ಎಷ್ಟು ದಿನದೊಳಗೆ, ಮಾಡದಿದ್ದರೆ ಏನು, ಇದಕ್ಕೆ ಹಣ ಎಲ್ಲಿಂದ: ಈ ನಾಲ್ಕನ್ನು ಹುಡುಕಿ. ಹಣದ ವಿಷಯ ವಿಧೇಯಕದ ಕೊನೆಯಲ್ಲಿರುವ ಆರ್ಥಿಕ ಜ್ಞಾಪನ ಪತ್ರದಲ್ಲಿ ಇರುತ್ತದೆ. "ಹೆಚ್ಚುವರಿ ವೆಚ್ಚ ಇಲ್ಲ" ಅಂತ ಬರೆದಿದ್ದರೆ, ಹೊಸ ಕೆಲಸವನ್ನು ಈಗಾಗಲೇ ಕೆಲಸದ ಹೊರೆ ಹೊತ್ತಿರುವವರ ಮೇಲೇ ಹಾಕುತ್ತಾರೆ ಅಂತ ಅರ್ಥ.

ಗಡುವಿನ ವಿಷಯ ಎಷ್ಟು ಮುಖ್ಯ ಅಂತ ಕೇಂದ್ರದ ಕಾಯ್ದೆಯಲ್ಲೇ ನೋಡಬಹುದು. ದೂರನ್ನು ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥ ಮಾಡಲು "ಪ್ರಯತ್ನಿಸಬೇಕು" ಅಂತ ಮಾತ್ರ ಅದರಲ್ಲಿದೆ. ಪ್ರಯತ್ನ ಫಲಿಸದಿದ್ದರೆ ಏನೂ ಆಗುವುದಿಲ್ಲ, ಪ್ರಕರಣ ವರ್ಷಗಟ್ಟಲೆ ಎಳೆಯುತ್ತದೆ. ಅದೇ ಕಾಯ್ದೆಯಲ್ಲಿ ಎದುರಾಳಿ ಉತ್ತರ ಸಲ್ಲಿಸಲು 30 ದಿನ, ಮೇಲೆ 15 ದಿನ ಮೀರದಂತೆ ಸಮಯ ಅಂತ ಇದೆ. ಹಳೆಯ 1986ರ ಕಾಯ್ದೆಯಲ್ಲೂ ಇದೇ ಗಡುವು ಇತ್ತು. ಅದನ್ನು ಮೀರಿ ಒಂದು ದಿನವೂ ಕೊಡುವಂತಿಲ್ಲ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ನಿಮ್ಮ ಟಿಪ್ಪಣಿಯಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಡಿ. ವಿಧೇಯಕದಲ್ಲಿ "ಸಾಧ್ಯವಾದಷ್ಟು ಬೇಗ" ಅಂತ ಕಂಡಲ್ಲೆಲ್ಲ "30 ದಿನಗಳೊಳಗೆ, ತಪ್ಪಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಮೇಲಧಿಕಾರಿಗೆ ವರದಿ ಮಾಡತಕ್ಕದ್ದು" ಅನ್ನುವ ತಿದ್ದುಪಡಿ ಸಿದ್ಧ ಇಟ್ಟುಕೊಳ್ಳಿ.

ಶಿಕ್ಷೆ ಜಾಸ್ತಿ ಮಾಡುವುದೇ ಕಠಿಣ ಕಾನೂನು ಅಂತ ನಂಬಿದವರಿಗೆ 2025ರ ಮೈಕ್ರೋ ಫೈನಾನ್ಸ್ ಸುಗ್ರೀವಾಜ್ಞೆ ನೆನಪಿಸಿ. ಸಾಲ ವಸೂಲಿಯ ಕಿರುಕುಳ ತಡೆಯಲು ತಂದದ್ದು, ಗರಿಷ್ಠ 10 ವರ್ಷ ಜೈಲು, 5 ಲಕ್ಷ ರೂಪಾಯಿ ದಂಡ. ಶಿಕ್ಷೆ ಅತಿಯಾಯಿತು ಅಂತ ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದ್ದರು, ಆಮೇಲೆ ಫೆಬ್ರವರಿಯಲ್ಲಿ ಸಹಿ ಹಾಕಿದರು. ಸುದ್ದಿಯೆಲ್ಲ ಆ 10 ವರ್ಷದ ಸುತ್ತಲೇ ನಡೆಯಿತು. ಸಾಲ ಪಡೆದ ಹೆಂಗಸಿಗೆ ನಿಜವಾಗಿ ನೆರವಾಗುವುದು ಸಾಲ ಕೊಡುವವರು ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು, ಒತ್ತೆ ಕೇಳಬಾರದು ಅನ್ನುವ ಅಂಶಗಳು. ಅವು ಪಾಲನೆ ಆಗುತ್ತಿವೆಯಾ ಅಂತ ಪ್ರತಿ ಅಧಿವೇಶನದಲ್ಲೂ ಕೇಳಬೇಕು.

ವಿರೋಧ ಬಂದೇ ಬರುತ್ತದೆ, ಅದಕ್ಕೂ ಸಿದ್ಧರಾಗಿ. 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ವೇಳೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ವಿಧೇಯಕದ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು, ಕೊನೆಗೆ ಬಿಗಿ ಅಂಶಗಳು ಸಡಿಲಗೊಂಡು ವಿಧೇಯಕ ಪಾಸಾಯಿತು. ವೈದ್ಯರು ಒಗ್ಗಟ್ಟಾಗಿ ಬೀದಿಗಿಳಿದಿದ್ದರು. ರೋಗಿಗಳ ಪರವಾಗಿ ಅಷ್ಟೇ ಜೋರಾದ ದನಿ ಇರಲಿಲ್ಲ. ಹಾಗಾಗಿ ಎದುರಿನವರ ವಾದವನ್ನು ಮುಂಚೆಯೇ ಬರೆದಿಟ್ಟುಕೊಂಡು, ಅದರಲ್ಲಿ ನ್ಯಾಯ ಇದ್ದಷ್ಟನ್ನು ಒಪ್ಪಿಕೊಳ್ಳಿ. ಸಣ್ಣ ವ್ಯಾಪಾರಿಗೆ ಹೊರೆ ಆಗುತ್ತದೆ ಅಂದರೆ ಅವರಿಗೆ ಸರಳ ವಿಧಾನ, ಹೆಚ್ಚಿನ ಸಮಯ ಕೊಡಬಹುದು. ಗ್ರಾಹಕರು ಸುಳ್ಳು ದೂರು ಕೊಡುತ್ತಾರೆ ಅಂದರೆ, ಹುರುಳಿಲ್ಲದ ದೂರನ್ನು ಶುರುವಿನಲ್ಲೇ ತಳ್ಳಿಹಾಕುವ ಅಧಿಕಾರ ಆಯೋಗಕ್ಕೆ ಈಗಲೇ ಇದೆ ಅಂತ ತೋರಿಸಿ.

ವಿಧೇಯಕ ಪಾಸಾದ ದಿನ ಮನೆಗೆ ಹೋಗಿ ಮಲಗಬೇಡಿ. ಜಾರಿಗೆ ಬೇಕಾದ ನಿಯಮಗಳನ್ನು ಸರ್ಕಾರ ಮಾಡದೆ ಎಷ್ಟೋ ಕಾಯ್ದೆಗಳು ಕಾಗದದಲ್ಲೇ ಉಳಿಯುತ್ತವೆ. ಕರಡು ನಿಯಮ ರಾಜ್ಯಪತ್ರದಲ್ಲಿ ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ದಿನಗಳು ಕಡಿಮೆ, ಗಮನ ಇಟ್ಟಿರಿ. ಸಚಿವರು ಸದನದಲ್ಲಿ "ಮಾಡುತ್ತೇವೆ" ಅಂದದ್ದನ್ನು ಕಾರ್ಯಕಲಾಪದ ದಾಖಲೆಯಿಂದ ಪದಕ್ಕೆ ಪದ ಬರೆದುಕೊಂಡು ಶಾಸಕರ ಮೂಲಕ, ಸಚಿವರ ಮಾತು ಈಡೇರಿತಾ ಅಂತ ನೋಡುವ ಸದನದ ಭರವಸೆಗಳ ಸಮಿತಿಯ ಗಮನಕ್ಕೆ ತನ್ನಿ. ಮುಂದಿನ ಅಧಿವೇಶನದ ಪ್ರಶ್ನೆಯನ್ನು ಅದೇ ಸಾಲಿನಿಂದ ಶುರು ಮಾಡಿ.